ಒಪ್ಪಿ ಅಗಲುವುದು

ಕೆಲವು ವರ್ಷಗಳ ಹಿಂದಿನ ಮಾತು. ಒಂದು ಮಧ್ಯಾಹ್ನ ನ್ಯಾಯಾಲಯದ ಕೆಲಸ ಮುಗಿಸಿ ಬಂದು ಕರಿಯ ಕೋಟನ್ನು ಗೂಟಕ್ಕೆ ಸಿಕ್ಕಿಸುತ್ತಿದ್ದೆ. ಒಬ್ಬ ತರುಣ, ಒಬ್ಬ ತರುಣಿ ನನ್ನ ಕಚೇರಿಯೊಳಗೆ ಬಂದರು. ಆಕೆ ಹಳ್ಳಿಯೊಂದರ ಪ್ರಾಥಮಿಕ ಶಾಲೆಯ ಶಿಕ್ಷಕಿ. ಆತ ಪಂಪ್‌ಸೆಟ್ಟು ರಿಪೇರಿಯ ಅಂಗಡಿ ಇಟ್ಟವನು. ಹಿಂದೆ ಬಾಗಿಲ ಬಳಿ ಇಬ್ಬರ ತಾಯಂದಿರೂ ನಿಂತಿದ್ದರು, ಒಬ್ಬರ ಮುಖವನ್ನೊಬ್ಬರು ನೋಡದೆ. ಯಾರು ಮೊದಲು ಮಾತನಾಡಬೇಕೆಂದು ತೋಚದೆ ಗಂಡಹೆಂಡಿರು ಸ್ವಲ್ಪ ಹೊತ್ತು ಸುಮ್ಮನೆ ಕುಳಿತರು. ಕೊನೆಗೆ ಆಕೆಯೇ ಅಂದಳು:

"ಸರ್, ನಾವು ಜಗಳಾ ಮಾಡಾಕ ಬಂದಿಲ್ಲರಿ. ಜಗಳಾ ಎಲ್ಲಾ ಮನ್ಯಾಗ ಮುಗದದ. ಈಗ ಬಿಡಿಸಿಕೊಂಡು ಹೋಗಬೇಕಾಗೇದ. ಎಷ್ಟ ಖರ್ಚ ಬರತದ, ಅಷ್ಟ ಹೇಳ್ರಿ."

ಆತ ಚೀಲದಿಂದ ಒಂದು ನೋಟುಪುಸ್ತಕ ತೆಗೆದು ಮೇಜಿನ ಮೇಲಿಟ್ಟ. ಶಾಲೆಯ ಮಕ್ಕಳು ಕಾಪಿ ಬರೆಯುವ ಪುಸ್ತಕ. ಎಡಗಡೆಯ ಪುಟಗಳಲ್ಲಿ ಅವನಿಗೆ ಉಳಿಯತಕ್ಕವು, ಬಲಗಡೆ ಆಕೆಗೆ ಸೇರತಕ್ಕವು. ಆಕೆಯ ತವರಿನ ಬಂಗಾರ, ಕಪಾಟು, ಮಿಕ್ಸರು, ಗ್ಯಾಸಿನ ಸಿಲಿಂಡರು, ಮದುವೆಗೆಂದು ಸೊಸೈಟಿಯಲ್ಲಿ ತೆಗೆದ ಸಾಲದಲ್ಲಿ ಇನ್ನೂ ತೀರದೆ ಉಳಿದದ್ದು. ನಾಲ್ಕು ವರ್ಷದ ಮಗಳ ಹೆಸರಿಗೇ ಬೇರೆ ಒಂದು ಪುಟವಿತ್ತು. ಆ ಪುಟದಲ್ಲಿ ಒಂದು ಸಾಲನ್ನು ಮೂರು ಸಲ ಬರೆದು ಮೂರು ಸಲ ಹೊಡೆದುಹಾಕಿದ್ದರು. ಬೇಸಿಗೆಯ ಸೂಟಿಯಲ್ಲಿ ಮಗು ಎಷ್ಟು ದಿನ ಯಾರ ಮನೆಯಲ್ಲಿ ಇರಬೇಕೆಂಬುದೇ ಆ ಸಾಲು.

ನನ್ನ ವಕೀಲಿಯ ಇಷ್ಟು ವರ್ಷಗಳಲ್ಲಿ ಅಷ್ಟು ಅಚ್ಚುಕಟ್ಟಾದ ದಾವೆಯ ಕಾಗದವನ್ನು ನಾನು ಬೇರೆ ಕಂಡಿಲ್ಲ. ಆಕೆಯ ಪ್ರಶ್ನೆಗೆ ಉತ್ತರವೂ ಆ ಪುಸ್ತಕದಲ್ಲೇ ಇತ್ತು. ಮುಕ್ಕಾಲು ಪಾಲು ಖರ್ಚನ್ನು ಅವರು ಆಗಲೇ ಉಳಿಸಿಕೊಂಡಿದ್ದರು.

ವಿವಾಹವಿಚ್ಛೇದನವೆಂದರೆ ದೊಡ್ಡ ದುಡ್ಡಿನ ಬಾಬತ್ತು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಅದು ಸುಳ್ಳಲ್ಲ, ಆದರೆ ದುಡ್ಡು ಹೋಗುವುದು ಯಾವ ದಾರಿಯಲ್ಲಿ ಎಂಬುದನ್ನು ಬಹಳ ಜನ ವಿಚಾರಿಸುವುದಿಲ್ಲ. ಹಿಂದೂ ವಿವಾಹ ಕಾಯಿದೆಯ ಅರ್ಜಿಗೆ ನಮ್ಮ ರಾಜ್ಯದಲ್ಲಿ ಕಟ್ಟಬೇಕಾದ ನ್ಯಾಯಾಲಯ ಶುಲ್ಕ, ಆಸ್ತಿಯ ದಾವೆಗಳಂತೆ ಬೆಲೆ ನೋಡಿ ಕಟ್ಟುವಂಥದಲ್ಲ, ಸಣ್ಣ ಮೊತ್ತ. ಪ್ರಮಾಣಪತ್ರ, ಟೈಪು, ನಕಲು ಇವುಗಳ ಖರ್ಚೂ ಕೈಗೆಟಕುವಂಥದೇ. ದುಡ್ಡು ಹೋಗುವುದು ತಾರೀಖುಗಳಿಗೆ. ಒಬ್ಬರು ಒಂದು ಆಪಾದನೆ ಬರೆಯುತ್ತಾರೆ. ಇನ್ನೊಬ್ಬರು ಅದನ್ನು ಅಲ್ಲಗಳೆದು ಎರಡು ಬರೆಯುತ್ತಾರೆ. ಜೀವನಾಂಶಕ್ಕೆ ಒಂದು ಅರ್ಜಿ, ಮಗುವಿಗೆ ಒಂದು ಅರ್ಜಿ, ಮತ್ತೊಂದು ಊರಿನ ನ್ಯಾಯಾಲಯದಲ್ಲಿ ಇನ್ನೊಂದು. ಒಂದೊಂದು ಅರ್ಜಿಗೂ ವಕಾಲತ್ತು, ಒಂದೊಂದು ತಾರೀಖಿಗೂ ಬಸ್ಸಿನ ಚಾರ್ಜು, ಹೋಟೆಲಿನ ಊಟ, ಆ ದಿನದ ಕೂಲಿ ಅಥವಾ ರಜೆ. ಸಾಕ್ಷಿ ಹೇಳಲು ಬಂದ ಮಾವನ ಖರ್ಚೂ ಇದೇ ಲೆಕ್ಕಕ್ಕೆ. ಗೆದ್ದವನು ಸೋತ, ಸೋತವನು ಸತ್ತ ಎಂದು ಕೋರ್ಟಿನ ವಿಷಯದಲ್ಲಿ ನಮ್ಮ ಹಿರಿಯರು ಆಡಿದ ಮಾತು ಜಮೀನಿನ ವ್ಯಾಜ್ಯ ನೋಡಿ ಹುಟ್ಟಿರಬಹುದು. ಗಂಡಹೆಂಡಿರ ವ್ಯಾಜ್ಯಕ್ಕೆ ಅದು ಇನ್ನೂ ಚೆನ್ನಾಗಿ ಒಪ್ಪುತ್ತದೆ. ಅಂದಮೇಲೆ ಕಡಿಮೆ ಖರ್ಚಿನ ವಿಚ್ಛೇದನಕ್ಕೆ ಕಡಿಮೆ ಫೀಸಿನ ವಕೀಲನನ್ನು ಹುಡುಕುವುದಲ್ಲ ಉಪಾಯ. ವಾದಿಸಬೇಕಾದ ಸಂಗತಿಯನ್ನೇ ನ್ಯಾಯಾಲಯಕ್ಕೆ ಕೊಂಡೊಯ್ಯದಿರುವುದು ಉಪಾಯ. ವಕೀಲನಾದವನು ಇದನ್ನು ಹೇಳುವುದು ಬೆಣ್ಣೆ ಮಾರುವವನು ಮಜ್ಜಿಗೆಯ ಗುಣ ಹೊಗಳಿದಂತೆ ಕೇಳಿಸೀತು. ಇರಲಿ.

ಈ ದಾರಿ ನಮಗೆ ತೆರೆದದ್ದು ಬಹಳ ತಡವಾಗಿ. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗ ಅಲ್ಲಿಯ ಹಿಂದೂಗಳಿಗೆ ೧೯೪೭ರ ಕಾಯಿದೆಯೊಂದು ವಿಚ್ಛೇದನದ ಹಕ್ಕು ಕೊಟ್ಟಿತು. ದೇಶಕ್ಕೆಲ್ಲ ಅನ್ವಯಿಸುವ ಹಿಂದೂ ವಿವಾಹ ಕಾಯಿದೆ ೧೯೫೫ರಲ್ಲಿ ಬಂತು. ಆದರೆ ಅದರಲ್ಲಿ ವಿಚ್ಛೇದನ ಬೇಕೆಂದರೆ ಎದುರಿನವರ ಒಂದು ತಪ್ಪನ್ನೋ, ವಾಸಿಯಾಗದ ಒಂದು ರೋಗವನ್ನೋ, ಅಂಥ ಇನ್ನೊಂದು ಕಾರಣವನ್ನೋ ಸಿದ್ಧಪಡಿಸಲೇಬೇಕಾಗಿತ್ತು. ಕ್ರೌರ್ಯ ಮತ್ತು ಪರಿತ್ಯಾಗಗಳು ಆಗ ನ್ಯಾಯಿಕ ಬೇರ್ಪಡೆಗೆ ಮಾತ್ರ ಆಧಾರವಾಗಿದ್ದವು, ಪೂರ್ಣ ಬಿಡುಗಡೆಗಲ್ಲ. ಒಬ್ಬರಿಗೊಬ್ಬರು ಸರಿಹೊಂದಲಿಲ್ಲ, ಮರ್ಯಾದೆಯಿಂದ ಬೇರೆಯಾಗೋಣ ಎಂದುಕೊಂಡ ಇಬ್ಬರು ಸಜ್ಜನರಿಗೆ ಆ ಕಾಯಿದೆಯಲ್ಲಿ ಬಾಗಿಲೇ ಇರಲಿಲ್ಲ. ೧೯೫೪ರ ವಿಶೇಷ ವಿವಾಹ ಕಾಯಿದೆಯ ಮೇರೆಗೆ ರಿಜಿಸ್ಟ್ರಾರರ ಮುಂದೆ ಮದುವೆಯಾದವರಿಗೆ ಮಾತ್ರ ಪರಸ್ಪರ ಸಮ್ಮತಿಯ ಸವಲತ್ತು ಮೊದಲಿನಿಂದಲೂ ಇತ್ತು. ಅಗ್ನಿಸಾಕ್ಷಿಯಾಗಿ ಮದುವೆಯಾದವರು ಅದಕ್ಕಾಗಿ ೧೯೭೬ರವರೆಗೆ ಕಾಯಬೇಕಾಯಿತು. ಆ ವರ್ಷದ ತಿದ್ದುಪಡಿಯಲ್ಲಿ ಹಿಂದೂ ವಿವಾಹ ಕಾಯಿದೆಗೆ ೧೩-ಬಿ ಎಂಬ ಕಲಮು ಸೇರಿತು. ಇಂದು ನಾನು ಹೇಳುತ್ತಿರುವುದೆಲ್ಲ ಮುಖ್ಯವಾಗಿ ಆ ಒಂದು ಕಲಮಿನ ವಿಷಯ.

ಅದು ಕೇಳುವುದು ಮೂರೇ ಸಂಗತಿ. ಗಂಡಹೆಂಡಿರು ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಬೇರೆಯಾಗಿರಬೇಕು. ಕೂಡಿ ಬಾಳಲು ಆಗದಂತಾಗಿರಬೇಕು. ಮದುವೆಯನ್ನು ಮುಗಿಸೋಣವೆಂದು ಇಬ್ಬರೂ ಒಪ್ಪಿರಬೇಕು. ಯಾರದು ತಪ್ಪು ಎಂದು ನ್ಯಾಯಾಧೀಶರು ತೂಗಿ ನೋಡಬೇಕಾಗಿಲ್ಲ, ನೀವೂ ಬರೆಯಬೇಕಾಗಿಲ್ಲ. ಬೇರೆಯಾಗಿರುವುದೆಂದರೆ ಬೇರೆ ಊರಲ್ಲಿ ಇರಲೇಬೇಕೆಂದೂ ಅಲ್ಲ. ಗಂಡಹೆಂಡಿರಂತೆ ಬಾಳದೆ ಇರುವುದೇ ಬೇರೆಯಾಗಿರುವುದು, ಅದು ಒಂದೇ ಸೂರಿನ ಕೆಳಗೆ ಇದ್ದರೂ ಸರಿ ಎಂದು ಸರ್ವೋಚ್ಚ ನ್ಯಾಯಾಲಯ ೧೯೯೧ರಲ್ಲಿ ಹೇಳಿದೆ. ಬೇರೆ ಬಾಡಿಗೆ ಕೊಡಲು ಶಕ್ತಿಯಿಲ್ಲದೆ ನಡುಮನೆಯಲ್ಲಿ ಒಬ್ಬರು, ಪಡಸಾಲೆಯಲ್ಲಿ ಒಬ್ಬರು ದಿನ ನೂಕುವ ಬಡವರಿಗೆ ಈ ಮಾತು ದೊಡ್ಡ ಆಸರೆ.

ಅರ್ಜಿಯನ್ನು ಇಬ್ಬರೂ ಕೂಡಿ ಸಹಿ ಮಾಡಿ ಕೊಡಬೇಕು. ಆಮೇಲೆ ಕಾಯಿದೆ ಕನಿಷ್ಠ ಆರು ತಿಂಗಳು ಕಾಯಿಸುತ್ತದೆ. ಆರು ತಿಂಗಳು ಕಳೆದ ಮೇಲೆ, ಹದಿನೆಂಟು ತಿಂಗಳು ಮೀರುವ ಮೊದಲು, ಇಬ್ಬರೂ ಮತ್ತೆ ಬಂದು "ನಮ್ಮ ಮಾತು ಅದೇ" ಎಂದರೆ ತೀರ್ಪು. ಈ ಆರು ತಿಂಗಳನ್ನು ಬೈಯುವವರು ಬಹಳ. ನಾನು ಬೈಯುವುದಿಲ್ಲ, ಕೋಪದಲ್ಲಿ ಬಂದವರು ಆ ಅವಧಿಯಲ್ಲಿ ತಣ್ಣಗಾಗಿ ಮನೆಗೆ ಹೋದುದನ್ನು ಕಂಡಿದ್ದೇನೆ. ಆದರೆ ಎಲ್ಲ ಮುಗಿದುಹೋದವರನ್ನು ಸುಮ್ಮನೆ ಕಾಯಿಸುವುದೂ ನ್ಯಾಯವಲ್ಲ. ಅದಕ್ಕಾಗಿ ೨೦೧೭ರಲ್ಲಿ ಸರ್ವೋಚ್ಚ ನ್ಯಾಯಾಲಯ ಒಂದು ಸಡಿಲಿಕೆ ಕೊಟ್ಟಿತು. ಅರ್ಜಿಗೆ ಮೊದಲೇ ಒಟ್ಟು ಒಂದೂವರೆ ವರ್ಷ ಬೇರೆಯಾಗಿದ್ದವರು, ಕೂಡಿಸುವ ಪ್ರಯತ್ನಗಳೆಲ್ಲ ಸೋತವರು, ಜೀವನಾಂಶ ಮತ್ತು ಮಕ್ಕಳ ವಿಷಯ ಪೂರ್ತಿ ಬಗೆಹರಿಸಿಕೊಂಡವರು, ಆರು ತಿಂಗಳ ಮಾಫಿಗೆ ಅರ್ಜಿ ಕೊಡಬಹುದು. ಮೊದಲ ಅರ್ಜಿಯಾದ ಒಂದು ವಾರಕ್ಕೇ ಕೊಡಬಹುದು. ಕೊಡುವುದು ಬಿಡುವುದು ನ್ಯಾಯಾಧೀಶರ ವಿವೇಕ. ಬಗೆಹರಿಸಿಕೊಂಡವರಿಗೆ ಮಾತ್ರ ಈ ಸಡಿಲಿಕೆ ಎಂಬುದನ್ನು ಗಮನಿಸಿ. ನೋಟುಪುಸ್ತಕ ಇಲ್ಲಿಯೂ ಕೆಲಸಕ್ಕೆ ಬಂತು.

ಈಗ ಆ ಪುಸ್ತಕದ ವಿಷಯಕ್ಕೇ ಬರೋಣ. ಇಡೀ ಕೆಲಸದ ಹೊಟ್ಟೆ ಅದೇ.

ಮೊದಲು ಆಕೆಯದು ಆಕೆಗೆ. ತವರಿನವರು ಕೊಟ್ಟದ್ದು, ಉಡಿಗೆ ಹಾಕಿದ್ದು, ಮದುವೆಯಲ್ಲಿ ಅವಳಿಗೆಂದು ಬಂದದ್ದು ಸ್ತ್ರೀಧನ. ಅದು ಹಂಚಿಕೊಳ್ಳುವ ಸ್ವತ್ತೇ ಅಲ್ಲ. ಅದನ್ನು ಗಂಡ 'ಕೊಡುತ್ತಾನೆ' ಎಂದು ಬರೆಯಬೇಡಿ, 'ಹಿಂತಿರುಗಿಸಿದ್ದಾನೆ' ಎಂದು ಬರೆಯಿರಿ. ಬಂಗಾರವನ್ನು ತೂಕ ಹಾಕಿಸಿ, ಒಡವೆಗಳ ಹೆಸರು ಹಿಡಿದು ಬರೆಯಿರಿ. 'ಎಲ್ಲ ಒಡವೆಗಳು' ಎಂದು ಬರೆದ ಕರಾರಿನಿಂದ ಎಷ್ಟೋ ಮನೆಗಳಲ್ಲಿ ಎರಡನೆಯ ಜಗಳ ಹುಟ್ಟಿದೆ. ಸಾಲವಿದ್ದರೆ ಯಾರ ಹೆಸರಿನದು, ಯಾರು ತೀರಿಸುವವರು, ಜಾಮೀನು ಯಾರದು ಎಂಬುದೂ ಬೇಕು. ನೀವಿಬ್ಬರು ಒಪ್ಪಿದ್ದೀರೆಂದು ಬ್ಯಾಂಕು ತನ್ನ ಕಾಗದ ಬದಲಿಸುವುದಿಲ್ಲ. ಹೆಂಡತಿಯ ಜಾಮೀನು ಹಾಗೆಯೇ ಉಳಿದರೆ, ವಿಚ್ಛೇದನವಾದ ಮೇಲೂ ನೋಟೀಸು ಅವಳ ಬಾಗಿಲಿಗೇ.

ಜೀವನಾಂಶ ಒಂದೇ ಗಂಟಿನಲ್ಲೋ ತಿಂಗಳು ತಿಂಗಳಿಗೋ ಎಂಬುದು ಎರಡನೆಯದು. ತಿಂಗಳ ಲೆಕ್ಕವೆಂದರೆ ತಿಂಗಳಿಗೊಮ್ಮೆ ಒಬ್ಬರನ್ನೊಬ್ಬರು ನೆನೆಯಬೇಕು, ತಪ್ಪಿದರೆ ಮತ್ತೆ ನ್ಯಾಯಾಲಯ. ಶಕ್ತಿಯಿದ್ದರೆ ಒಂದು ಗಂಟು ಲೇಸೆಂದು ನನ್ನ ಅಭಿಪ್ರಾಯ. ಅರ್ಧವನ್ನು ಮೊದಲ ದಿನ, ಉಳಿದರ್ಧವನ್ನು ಕೊನೆಯ ದಿನ ನ್ಯಾಯಾಧೀಶರ ಎದುರಿಗೇ ಡಿಮಾಂಡ್ ಡ್ರಾಫ್ಟಿನಲ್ಲಿ ಕೊಡುವ ಪದ್ಧತಿ ಒಳ್ಳೆಯದು. ಆಗ ಕೊಟ್ಟವನಿಗೂ ಭರವಸೆ, ಪಡೆದವಳಿಗೂ ಭರವಸೆ. ಸ್ವಂತ ಸಂಬಳವಿರುವ ಹೆಂಗಸರು ಹಲವರು "ನನಗೇನೂ ಬೇಡ" ಎಂದು ಬರೆದುಕೊಡುತ್ತಾರೆ. ಅಭಿಮಾನದ ಮಾತು, ಅದಕ್ಕೆ ನಾನು ತಲೆಬಾಗುತ್ತೇನೆ. ಆದರೆ ತನಗೆ ಬೇಡವೆನ್ನುವ ತಾಯಿ ಮಗುವಿಗೂ ಬೇಡವೆಂದು ಬರೆಯಲು ಬರುವುದಿಲ್ಲ. ಮಗುವಿನ ಪೋಷಣೆ ಮಗುವಿನ ಹಕ್ಕು. ತಂದೆತಾಯಿ ತಮ್ಮತಮ್ಮಲ್ಲಿ ಒಪ್ಪಂದ ಮಾಡಿಕೊಂಡು ಅದನ್ನು ಅಳಿಸಲಾರರು.

ಮಗುವಿನ ಪುಟ ಎಲ್ಲಕ್ಕಿಂತ ಉದ್ದವಾಗಿರಬೇಕು. ಯಾರ ಬಳಿ ಇರುವುದು ಎಂದಷ್ಟೇ ಬರೆದರೆ ಸಾಲದು. ವಾರಕ್ಕೊಮ್ಮೆಯೋ ತಿಂಗಳಿಗೆರಡು ಸಲವೋ, ಯಾರು ಕರೆದುಕೊಂಡು ಹೋಗುವವರು, ಯಾರು ತಂದುಬಿಡುವವರು, ಪಂಚಮಿಗೆ ಎಲ್ಲಿ, ದೀಪಾವಳಿಗೆ ಎಲ್ಲಿ, ಜ್ವರ ಬಂದರೆ ಯಾರಿಗೆ ತಿಳಿಸುವುದು, ಶಾಲೆಯ ದಾಖಲೆಯಲ್ಲಿ ತಂದೆಯ ಹೆಸರು ಹಾಗೆಯೇ ಇರುವುದೆ, ಅಜ್ಜಿಯರು ನೋಡಬಹುದೆ? ಇವೆಲ್ಲ ಸಣ್ಣ ಮಾತುಗಳಂತೆ ಕಾಣುತ್ತವೆ. ನನ್ನ ಮುಂದೆ ಕುಳಿತಿದ್ದ ಆ ಇಬ್ಬರು ಸೊಸೈಟಿಯ ಸಾಲವನ್ನು ಅರ್ಧ ಗಂಟೆಯಲ್ಲಿ ಹಂಚಿಕೊಂಡಿದ್ದರಂತೆ. ಬೇಸಿಗೆಯ ಸೂಟಿ ಮಾತ್ರ ಮೂರು ವಾರದಿಂದ ಹರಿದಿರಲಿಲ್ಲ. ನಾನು ಸಲಹೆ ಕೊಡಲು ಹೋಗಲಿಲ್ಲ. ಬಾಗಿಲ ಬಳಿಯಿದ್ದ ತಾಯಂದಿರನ್ನು ಒಳಗೆ ಕರೆದು ಕೂರಿಸಿದೆ. ಹುಡುಗನ ತಾಯಿ ಬಹಳ ಹೊತ್ತಿನ ಮೇಲೆ, "ಸೂಟಿ ಅರ್ಧಾ ಅರ್ಧಾ ಮಾಡ್ರಿ. ಆದರ ಜಾತ್ರಿ ನಮ್ಮೂರಾಗ ಬರೋ ವಾರ ಕೂಸು ನಮ್ಮ ಮನ್ಯಾಗ ಇರಲಿ" ಎಂದಳು. ಹುಡುಗಿಯ ತಾಯಿ ತಲೆಯಾಡಿಸಿದಳು. ಅಂದು ಅವರಿಬ್ಬರು ಆಡಿದ ಮಾತು ಅಷ್ಟೇ. ನಾಲ್ಕನೆಯ ಸಲ ಬರೆದ ಆ ಸಾಲನ್ನು ಯಾರೂ ಹೊಡೆದುಹಾಕಲಿಲ್ಲ.

ಹೀಗೆ ಮನೆಯಲ್ಲೇ ಕೂಡಿಬರದಿದ್ದರೆ ಮಧ್ಯಸ್ಥಿಕೆ ಕೇಂದ್ರಗಳಿವೆ. ಬೆಂಗಳೂರಿನ ಕೇಂದ್ರ ೨೦೦೭ರಲ್ಲಿ ಆರಂಭವಾಯಿತು. ಜಿಲ್ಲಾ ನ್ಯಾಯಾಲಯಗಳಲ್ಲೂ ಇವೆ. ನ್ಯಾಯಾಲಯ ಕಳಿಸಿಕೊಟ್ಟ ಪ್ರಕರಣಗಳಿಗೆ ಅಲ್ಲಿ ನಿಮ್ಮಿಂದ ಶುಲ್ಕ ತೆಗೆದುಕೊಳ್ಳುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ತರಬೇತಾದ ಮಧ್ಯಸ್ಥರು ಇಬ್ಬರನ್ನೂ ಕೂರಿಸಿ ಕೇಳುತ್ತಾರೆ. ಅಲ್ಲಿ ಆಡಿದ ಮಾತನ್ನು ಆಮೇಲೆ ಸಾಕ್ಷಿಯಾಗಿ ಎತ್ತಿಹಿಡಿಯುವಂತಿಲ್ಲ. ಸೋದರಮಾವಂದಿರ ಪಂಚಾಯಿತಿಗಿಂತ ಇದು ಮೇಲು. ಅಲ್ಲಿ ದನಿ ಏರುವುದಿಲ್ಲ.

ವಕೀಲರು ಬೇಕೆ ಬೇಡವೆ? ೧೯೮೪ರ ಕುಟುಂಬ ನ್ಯಾಯಾಲಯಗಳ ಕಾಯಿದೆಯ ಹದಿಮೂರನೆಯ ಕಲಮಿನ ಪ್ರಕಾರ ಕುಟುಂಬ ನ್ಯಾಯಾಲಯದಲ್ಲಿ ವಕೀಲರ ಮೂಲಕವೇ ನಡೆಸುತ್ತೇನೆಂಬ ಹಕ್ಕು ಯಾರಿಗೂ ಇಲ್ಲ. ತಾವೇ ನಿಂತು ಹೇಳಿಕೊಳ್ಳಲೆಂದೇ ಆ ನ್ಯಾಯಾಲಯಗಳನ್ನು ಕಟ್ಟಿದ್ದು. ಬೇಕೆನಿಸಿದರೆ ನ್ಯಾಯಾಲಯವೇ ಒಬ್ಬ ಕಾನೂನು ಬಲ್ಲವರ ನೆರವು ಪಡೆಯಬಹುದು. ವಾಡಿಕೆಯಲ್ಲಿ ಅನುಮತಿ ಪಡೆದು ವಕೀಲರು ಬರುತ್ತಾರೆ, ಅದು ಬೇರೆ ಮಾತು. ಕುಟುಂಬ ನ್ಯಾಯಾಲಯವಿಲ್ಲದ ಊರುಗಳಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರ ಮುಂದೆ ಅರ್ಜಿ. ನೀವು ಮದುವೆಯಾದ ಊರು, ಕಡೆಯದಾಗಿ ಕೂಡಿ ಬಾಳಿದ ಊರು, ಇವುಗಳಲ್ಲಿ ಯಾವುದರ ನ್ಯಾಯಾಲಯಕ್ಕಾದರೂ ಹೋಗಬಹುದು.

ನನ್ನ ಸಲಹೆ ಇಷ್ಟು. ಕರಡನ್ನು ನೀವೇ ಬರೆಯಿರಿ. ಅದನ್ನು ಕಾನೂನಿನ ರೂಪಕ್ಕೆ ತರಲು ಒಬ್ಬರ ನೆರವು ಪಡೆಯಿರಿ. ಅದಕ್ಕೆ ಏನು ಕೊಡಬೇಕೆಂಬುದನ್ನು ಮೊದಲೇ ಕೇಳಿ, ತಾರೀಖಿಗಿಷ್ಟು ಎಂದಲ್ಲ, ಕೆಲಸಕ್ಕಿಷ್ಟು ಎಂದು ಮಾತಾಡಿಕೊಳ್ಳಿ. ಹೆಂಡತಿಯ ಕಡೆಯಿಂದ ಮತ್ತೊಬ್ಬರು ಸ್ವತಂತ್ರವಾಗಿ ಒಮ್ಮೆ ಓದಿ ನೋಡಲಿ. ಇದಕ್ಕೆ ಅವಳು ದುಡ್ಡು ಕೊಡಬೇಕಾಗಿಲ್ಲ. ೧೯೮೭ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ಪ್ರಕಾರ ಹೆಂಗಸರಿಗೆ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ, ಆದಾಯ ಎಷ್ಟೇ ಇರಲಿ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೂ ಅಂಗವಿಕಲರಿಗೂ ಹಾಗೆಯೇ; ಗಂಡಸರಲ್ಲಿ ಉಳಿದವರಿಗೆ ಆದಾಯದ ಮಿತಿ ಉಂಟು. ತಾಲ್ಲೂಕು ನ್ಯಾಯಾಲಯದ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇರುತ್ತದೆ, ಜಿಲ್ಲೆಯಲ್ಲಿ ಪ್ರಾಧಿಕಾರ. ಬಿಳಿಯ ಹಾಳೆಯ ಮೇಲೆ ಅರ್ಜಿ ಬರೆದುಕೊಟ್ಟರೂ ಸಾಕು. ೧೫೧೦೦ ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೂ ದಾರಿ ಹೇಳುತ್ತಾರೆ. ಮನೆ, ನಿವೇಶನ, ಹೊಲಗಳು ಕೈಬದಲಾಗುವುದಿದ್ದರೆ ಮಾತ್ರ ದುಡ್ಡು ಉಳಿಸಲು ಹೋಗಬೇಡಿ. ಅಲ್ಲಿ ಮುದ್ರಾಂಕ, ನೋಂದಣಿಗಳ ಪ್ರಶ್ನೆಯಿದೆ. ಬಲ್ಲವರನ್ನು ಕೇಳಿಯೇ ಮುಂದುವರಿಯಿರಿ.

ಜೊತೆಗೆ ಒಯ್ಯುವ ಕಾಗದಗಳು ಹೆಚ್ಚೇನಿಲ್ಲ. ಲಗ್ನಪತ್ರಿಕೆ, ಮದುವೆಯ ಒಂದು ಫೋಟೋ, ನೋಂದಣಿಯಾಗಿದ್ದರೆ ಅದರ ಪ್ರಮಾಣಪತ್ರ, ಇಬ್ಬರ ಗುರುತಿನ ಮತ್ತು ವಿಳಾಸದ ದಾಖಲೆ, ಮಗುವಿನ ಜನನಪತ್ರ, ನಿಮ್ಮ ಕರಾರು. ನ್ಯಾಯಾಧೀಶರು ಒಬ್ಬೊಬ್ಬರನ್ನೇ ಕೇಳುತ್ತಾರೆ: ಇದು ನಿಮ್ಮ ಸ್ವಂತ ಇಚ್ಛೆಯೆ, ಓದಿ ತಿಳಿದು ಸಹಿ ಮಾಡಿದಿರಾ, ಯಾರದಾದರೂ ಬಲವಂತವೆ? ಅಂಜಬೇಡಿ, ಇದು ಪರೀಕ್ಷೆಯಲ್ಲ. ದುಬೈಯಲ್ಲೋ ಅಮೆರಿಕದಲ್ಲೋ ಇರುವ ನಮ್ಮ ಹುಡುಗರು ವಿಮಾನದ ಖರ್ಚಿಗೆ ಹೆದರುವುದುಂಟು. ತಕ್ಕ ಕಾರಣವಿದ್ದರೆ ದೃಶ್ಯ ಸಂಪರ್ಕದ ಮೂಲಕ ಹೇಳಿಕೆ ಕೊಡಬಹುದೆಂದೂ ಅದೇ ೨೦೧೭ರ ತೀರ್ಪಿನಲ್ಲಿ ಇದೆ. ತೀರ್ಪಾದ ಮೇಲೆ ಅದರ ಒಂದು ಪ್ರತಿಯನ್ನು ಇಬ್ಬರಿಗೂ ಉಚಿತವಾಗಿ ಕೊಡಬೇಕೆಂದು ಕಾಯಿದೆಯ ಇಪ್ಪತ್ತಮೂರನೆಯ ಕಲಮಿನಲ್ಲೇ ಹೇಳಿದೆ. ಕೇಳಿ ಪಡೆಯಿರಿ.

ಇಷ್ಟು ಸುಲಭವಿದ್ದರೆ ನ್ಯಾಯಾಲಯವಾದರೂ ಏಕೆ, ನಾಲ್ಕು ಜನ ಹಿರಿಯರ ಮುಂದೆ ಛಾಪಾ ಕಾಗದದ ಮೇಲೆ ಬರೆದು ಮುಗಿಸಿದರಾಗದೆ ಎಂದು ಕೇಳುವವರು ಇದ್ದಾರೆ. ಕೇಳುವುದಷ್ಟೇ ಅಲ್ಲ, ಮಾಡಿಬಿಟ್ಟವರೂ ಬಹಳ. ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು.

ನಮ್ಮ ಕಡೆ ಸೋಡಚೀಟಿ ಎಂಬ ಮಾತು ಹಳೆಯದು. ಹಲವು ಸಮುದಾಯಗಳಲ್ಲಿ ಹಿರಿಯರ ಸಮಕ್ಷಮ ಬಿಡುಗಡೆ ಕೊಟ್ಟು, ಹೆಣ್ಣು ಮತ್ತೆ ಉಡಿಕೆ ಮಾಡಿಕೊಂಡು ಹೊಸ ಬಾಳು ಕಟ್ಟುತ್ತಿದ್ದಳು. ೧೯೫೫ರ ಕಾಯಿದೆ ಆ ರೂಢಿಯನ್ನು ಕೆಡಿಸಿಲ್ಲ. ರೂಢಿಯಿಂದ ಬಂದ ವಿಚ್ಛೇದನದ ಹಕ್ಕು ಉಳಿದಿದೆ ಎಂದು ಇಪ್ಪತ್ತೊಂಬತ್ತನೆಯ ಕಲಮಿನಲ್ಲಿ ಸ್ಪಷ್ಟವಾಗಿ ಹೇಳಿದೆ. ಆದರೆ ಅಂಥ ರೂಢಿ ತನ್ನ ಸಮುದಾಯದಲ್ಲಿ ಬಹುಕಾಲದಿಂದ ನಡೆದುಬಂದಿದೆ ಎಂಬುದನ್ನು ಪ್ರಶ್ನೆ ಬಂದ ದಿನ ಹೇಳುವವರೇ ಸಾಕ್ಷಿಯಿಟ್ಟು ಸಿದ್ಧಪಡಿಸಬೇಕು. ರೂಢಿಯಿಲ್ಲದ ಕಡೆ ನೂರು ರೂಪಾಯಿಯ ಬಾಂಡು, ನೋಟರಿಯ ಕೆಂಪು ಮೊಹರು, ಹತ್ತು ಜನರ ಸಹಿ, ಇವಾವುವೂ ಮದುವೆಯನ್ನು ಬಿಡಿಸಲಾರವು.

ಒಬ್ಬ ತಾಯಿ ನನ್ನ ಬಳಿ ಬಂದಾಗ ಆಕೆಗೆ ಐವತ್ತು ದಾಟಿತ್ತು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಮೊದಲ ಗಂಡನೊಡನೆ ಬಾಂಡು ಬರೆದು ಬಿಡುಗಡೆ ಮಾಡಿಕೊಂಡಿದ್ದಳು. ಜಗಳವೇ ಇರಲಿಲ್ಲ, ಕೊಡುವುದು ತೆಗೆದುಕೊಳ್ಳುವುದು ಎಲ್ಲ ಅಂದೇ ತೀರಿತ್ತು. ಎರಡು ವರ್ಷದ ಮೇಲೆ ಸರ್ಕಾರಿ ನೌಕರನೊಬ್ಬನನ್ನು ಮದುವೆಯಾಗಿ, ಎರಡು ಮಕ್ಕಳನ್ನು ಬೆಳೆಸಿ, ಅವನ ಕಾಯಿಲೆಯಲ್ಲಿ ಐದು ವರ್ಷ ಶುಶ್ರೂಷೆ ಮಾಡಿ, ಕೊನೆಗೆ ಅವನನ್ನು ಕಳೆದುಕೊಂಡಳು. ಕುಟುಂಬ ಪಿಂಚಣಿಗೆ ಅರ್ಜಿ ಹಾಕಿದಾಗ ಗಂಡನ ಅಣ್ಣತಮ್ಮಂದಿರಲ್ಲೊಬ್ಬ ತಕರಾರು ಕೊಟ್ಟ: ಈಕೆಯ ಮೊದಲ ಮದುವೆ ಬಿಟ್ಟೇ ಇಲ್ಲ, ಆದ್ದರಿಂದ ಎರಡನೆಯದು ಮದುವೆಯೇ ಅಲ್ಲ. ಕಬ್ಬಿಣದ ಪೆಟ್ಟಿಗೆಯಲ್ಲಿ ಮಡಿಸಿ ಇಟ್ಟಿದ್ದ ಬಾಂಡನ್ನು ಆಕೆ ನನ್ನ ಮುಂದೆ ಬಿಡಿಸಿದಳು. ಮಡಿಕೆಗಳಲ್ಲಿ ಕಾಗದ ಹರಿದಿತ್ತು. ಸಹಿ ಹಾಕಿದ ಹಿರಿಯರಲ್ಲಿ ಒಬ್ಬರೂ ಬದುಕಿರಲಿಲ್ಲ. ರೂಢಿಯಿತ್ತೆಂದು ಹೇಳುವ ಬೇರೆ ಸಾಕ್ಷಿಯೂ ಸಿಗಲಿಲ್ಲ. ಮಕ್ಕಳಿಗೆ ತಂದೆಯ ಆಸ್ತಿಯಲ್ಲಿ ಹಕ್ಕು ಉಳಿಯಿತು, ಕಾಯಿದೆ ಅಷ್ಟು ದಯೆ ತೋರಿಸಿದೆ. ಆಕೆಗೆ ಮಾತ್ರ ಮೂವತ್ತು ವರ್ಷ ಬಾಳಿದ ಮನೆಯಲ್ಲಿ ಹೆಂಡತಿ ಎಂಬ ಹೆಸರು ದಕ್ಕಲಿಲ್ಲ. "ಅವತ್ತ ಕೋರ್ಟಿಗೆ ಹೋಗಾಕ ರೊಕ್ಕಾ ಇರಲಿಲ್ಲರಿ ಅಣ್ಣಾರ" ಎಂದಳು. ಅಂದು ಅವಳಿಗೆ ಬೇಕಾಗಿದ್ದ ದುಡ್ಡು ಎಷ್ಟೆಂದು ನನಗೆ ಗೊತ್ತಿತ್ತು. ಹೇಳಲು ಬಾಯಿ ಬರಲಿಲ್ಲ.

ನ್ಯಾಯಾಲಯವನ್ನು ತಪ್ಪಿಸಿ ಉಳಿಸುವ ದುಡ್ಡು ಹೀಗೆ. ಜಗಳವನ್ನು ಮನೆಯಲ್ಲಿ ಬಿಟ್ಟು ಬನ್ನಿ. ತೀರ್ಪನ್ನು ಮಾತ್ರ ನ್ಯಾಯಾಲಯದಿಂದಲೇ ಪಡೆಯಿರಿ. ಅದೂ ಕುಟುಂಬ ನ್ಯಾಯಾಲಯದಲ್ಲಿ ಇಬ್ಬರ ಸಮ್ಮತಿಯಿಂದ ಆದ ತೀರ್ಪಿನ ಮೇಲೆ ಮೇಲ್ಮನವಿಯಿಲ್ಲ. ಅಂದಿಗೆ ಅದು ಮುಗಿಯಿತು.

ಇನ್ನೊಂದು ಎಚ್ಚರಿಕೆ. ಒಪ್ಪಿಗೆ ಎಂಬ ಮಾತನ್ನು ನಾನು ಇಷ್ಟು ಸಲ ಆಡಿದೆ. ಎಲ್ಲ ಒಪ್ಪಿಗೆಯೂ ಒಪ್ಪಿಗೆಯಲ್ಲ. ಹೊಡೆತಕ್ಕೆ ಹೆದರಿ, ಮಗುವನ್ನು ಕಿತ್ತುಕೊಂಡಾರೆಂದು ಹೆದರಿ, ಅಣ್ಣಂದಿರ ಮನೆಯಲ್ಲಿ ಇನ್ನು ಅನ್ನವಿಲ್ಲವೆಂದು ಹೆದರಿ ಸಹಿ ಹಾಕುವ ಹೆಂಗಸಿಗೆ ನಾನು ಹೇಳಿದ ದಾರಿ ಸಲ್ಲದು. ಆಕೆಗೆ ಬೇಕಾದದ್ದು ರಕ್ಷಣೆ. ೨೦೦೫ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯಲ್ಲಿ ಅದಕ್ಕೆ ಏರ್ಪಾಡಿದೆ. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ರಕ್ಷಣಾಧಿಕಾರಿಗಳು, ಅಂಗನವಾಡಿಯ ಅಕ್ಕನನ್ನು ಕೇಳಿದರೆ ಕಚೇರಿ ತೋರಿಸುತ್ತಾಳೆ. ಸಹಿ ಹಾಕಿಯಾಯಿತು, ಈಗ ಮನಸ್ಸು ಒಪ್ಪದು ಎನ್ನುವವರಿಗೂ ಬಾಗಿಲು ಮುಚ್ಚಿಲ್ಲ. ತೀರ್ಪಾಗುವವರೆಗೆ ಇಬ್ಬರಲ್ಲಿ ಯಾರು ಬೇಕಾದರೂ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಬಹುದು ಎಂದು ಆ ೧೯೯೧ರ ತೀರ್ಪೇ ಹೇಳಿದೆ. ಹಾಗೆಯೇ, ಬರಿಯ ಕೋಪಕ್ಕೆ ಪೊಲೀಸು ಠಾಣೆಯಲ್ಲಿ ಇಲ್ಲದ್ದನ್ನು ಬರೆಸಿದವರು ಆಮೇಲೆ ರಾಜಿಯಾದರೂ ಆ ಪ್ರಕರಣ ತಾನಾಗಿ ಬಿದ್ದುಹೋಗುವುದಿಲ್ಲ. ಅದನ್ನು ರದ್ದುಪಡಿಸಲು ಉಚ್ಚ ನ್ಯಾಯಾಲಯದವರೆಗೆ, ಅಂದರೆ ಬೆಂಗಳೂರಿಗೋ ಧಾರವಾಡಕ್ಕೋ ಕಲಬುರಗಿಗೋ ಹೋಗಬೇಕಾದೀತು. ನಡೆದದ್ದಿದ್ದರೆ ಬರೆಸಲೇಬೇಕು, ನಡೆಯದ್ದನ್ನು ಬರೆಸಬಾರದು.

ನಾನು ಹೇಳಿದ್ದು ಹಿಂದೂ ವಿವಾಹ ಕಾಯಿದೆಯ ಮಾತು. ಕ್ರೈಸ್ತ ದಂಪತಿಗಳಿಗೆ ೧೮೬೯ರ ಹಳೆಯ ಕಾಯಿದೆಗೆ ೨೦೦೧ರಲ್ಲಿ ಸೇರಿದ ತಿದ್ದುಪಡಿಯಿಂದ ಪರಸ್ಪರ ಸಮ್ಮತಿಯ ದಾರಿ ತೆರೆದಿದೆ. ಮುಸಲ್ಮಾನರಲ್ಲಿ ಮುಬಾರಾತ್ ಎಂಬ, ಇಬ್ಬರೂ ಒಪ್ಪಿ ಬಿಡುವ ಪದ್ಧತಿ ಅವರ ಧರ್ಮಶಾಸ್ತ್ರದಲ್ಲೇ ಹಿಂದಿನಿಂದ ಇದೆ; ಅವರೂ ಅದನ್ನು ಕುಟುಂಬ ನ್ಯಾಯಾಲಯದಲ್ಲಿ ದಾಖಲು ಮಾಡಿಸಿಕೊಳ್ಳುವುದು ಕ್ಷೇಮ. ನೋಟುಪುಸ್ತಕ ಮಾತ್ರ ಎಲ್ಲರಿಗೂ ಒಂದೇ.

ಆ ಶಿಕ್ಷಕಿ ಮತ್ತು ಪಂಪ್‌ಸೆಟ್ಟಿನ ಹುಡುಗನ ಅರ್ಜಿ ಆರು ತಿಂಗಳು ಮುಗಿಸಿ ಎರಡನೆಯ ಸಲ ಕರೆಗೆ ಬಂದ ದಿನ ಮಳೆ ಹಿಡಿದಿತ್ತು. ಹತ್ತು ನಿಮಿಷದ ಕೆಲಸ. ನ್ಯಾಯಾಧೀಶರು ಮಗುವಿನ ಪುಟವನ್ನು ಎರಡು ಸಲ ಓದಿ, ಜಾತ್ರೆಯ ಸಾಲನ್ನು ಬೆರಳಿಟ್ಟು ತೋರಿಸಿ, "ಇದನ್ನು ಬರೆದವರು ಯಾರು?" ಎಂದು ಕೇಳಿದರು. ಹುಡುಗ ಹಿಂದಿನ ಬೆಂಚಿನ ಕಡೆ ನೋಡಿದ. ಹೊರಗೆ ಜಗುಲಿಯಲ್ಲಿ ಅವನು ಪುಸ್ತಕದ ಕೊನೆಯ ಹಾಳೆ ತೆರೆದು ಟೈಪಿನ ಖರ್ಚು, ನಕಲಿನ ಖರ್ಚು, ನನಗೆ ಕೊಟ್ಟದ್ದು ಎಲ್ಲವನ್ನೂ ಕೂಡಿ ಅರ್ಧ ಮಾಡಿದ. ಆಕೆಯ ಪಾಲಿನಲ್ಲಿ ಇನ್ನೂ ಹದಿನೈದು ರೂಪಾಯಿ ಬರಬೇಕಾಗಿತ್ತು. ಆಕೆ ಪರ್ಸು ತೆಗೆದು ಚಿಲ್ಲರೆ ಎಣಿಸಿ ಕೊಟ್ಟಳು. ಅವನು ಎಣಿಸದೆ ಜೇಬಿಗೆ ಹಾಕಿಕೊಂಡ. ಛತ್ರಿ ಒಂದೇ ಇತ್ತು. ಬಸ್‌ಸ್ಟ್ಯಾಂಡಿನವರೆಗೆ ತಾಯಂದಿರಿಬ್ಬರೂ ಅದರ ಕೆಳಗೆ ಹೋದರು. ಇವರಿಬ್ಬರು ನೆನೆಯುತ್ತ ಹಿಂದೆ ನಡೆದರು.